ಸಾವಿಲ್ಲದ ದುರ್ಗದಲ್ಲಿ ಪಹಣಿ ಯಾರ ಹೆಸರಲ್ಲಿ?

ಮನುಷ್ಯ 150 ವರ್ಷ ಬದುಕೋ ಹಾಗಾದ್ರೆ ಏನಾಗುತ್ತೆ ಅಂತ ನಮ್ಮ ಹಾಸ್ಟೆಲ್‌ನಲ್ಲಿ ಯಾರನ್ನಾದರೂ ಕೇಳಿ ನೋಡಿ. ಮೊದಲು ಬರೋ ಉತ್ತರ ಒಂದೇ. "ಗುರು, ಸೋಮವಾರ ಬೆಳಗ್ಗೆ ಹಿರಿಯೂರಿಂದ ಬರೋ ಬಸ್ಸಲ್ಲಿ ಈಗಲೇ ಒಂಟಿ ಕಾಲಲ್ಲಿ ನಿಂತ್ಕೊಂಡು ಬರ್ತೀವಿ. ಇನ್ನು ಯಾರೂ ಸಾಯಲ್ಲ ಅಂದ್ರೆ ಬಸ್ಸಿನ ಟಾಪ್ ಮೇಲೂ ಜಾಗ ಇರಲ್ಲ." ಎಲ್ಲರೂ ನಗ್ತಾರೆ, ಚರ್ಚೆ ಅಲ್ಲಿಗೆ ಮುಗಿಯುತ್ತೆ. ಆಯಸ್ಸು ಹೆಚ್ಚಾದ್ರೆ ಜನಸಂಖ್ಯೆ ಸ್ಫೋಟ ಆಗುತ್ತೆ ಅನ್ನೋದು ನಮಗೆಲ್ಲ ಎರಡು ಎರಡಲ ನಾಲ್ಕು ಅನ್ನುವಷ್ಟು ಖಚಿತ.

ನಾವು, ಅಂದ್ರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಬಂದು ಇಲ್ಲಿ ಎರಡನೇ ವರ್ಷ ಓದುತ್ತಿರೋರು, ಈ ಎರಡು ಎರಡಲ ನಾಲ್ಕನ್ನ ಒಮ್ಮೆ ನಿಜವಾಗಿಯೂ ಲೆಕ್ಕ ಹಾಕಿ ನೋಡೋಣ ಅಂತ ಕೂತೆವು. ಲೆಕ್ಕ ನಾವು ಅಂದುಕೊಂಡ ದಾರಿಯಲ್ಲಿ ಹೋಗಲಿಲ್ಲ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ: ಉದ್ದದ ಆಯಸ್ಸಿನಿಂದ ನಮ್ಮ ಜಿಲ್ಲೆಗೆ ಬರೋ ತೊಂದರೆ ತಲೆಗಳ ಸಂಖ್ಯೆಯದ್ದಲ್ಲ, ಸರದಿಯದ್ದು.

ಇದು ಬರೀ ಸಿನಿಮಾ ಕಥೆ ಅಂದುಕೊಳ್ಳಬೇಡಿ. ಇಲ್ಲಿಯವರೆಗೆ ದಾಖಲೆ ಸಮೇತ ಅತಿ ಹೆಚ್ಚು ಕಾಲ ಬದುಕಿದ್ದು ಫ್ರಾನ್ಸಿನ ಜೀನ್ ಕಾಲ್ಮಾಂ, 122 ವರ್ಷ, ತೀರಿಕೊಂಡದ್ದು 1997ರಲ್ಲಿ. ಆ ಗಡಿಯನ್ನ ದಾಟಿಸ್ತೀವಿ ಅಂತ ಅಮೆರಿಕದಲ್ಲಿ ಕೋಟ್ಯಧಿಪತಿಗಳು ದುಡ್ಡು ಸುರೀತಿದ್ದಾರೆ. ನಮ್ಮ ಬೆಂಗಳೂರಿನ ಐಐಎಸ್‌ಸಿ ಕೂಡ 2024ರಲ್ಲಿ 'ಲಾಂಜೆವಿಟಿ ಇಂಡಿಯಾ' ಅನ್ನೋ ಕಾರ್ಯಕ್ರಮ ಶುರು ಮಾಡಿದೆ. ಅವರ ಗುರಿ 150 ಏನಲ್ಲ, ಮುಪ್ಪಿನಲ್ಲಿ ಆರೋಗ್ಯದಿಂದ ಇರೋ ವರ್ಷಗಳನ್ನ ಹೆಚ್ಚಿಸೋದು. ಆದ್ರೂ ದಾರಿ ಅದೇ ಕಡೆಗೆ.

ಈಗ ಲೆಕ್ಕ. ಕ್ಯೂಯಿಂಗ್ ಥಿಯರಿಯಲ್ಲಿ ಲಿಟಲ್ಸ್ ಲಾ ಅಂತ ಒಂದಿದೆ. ಜಾನ್ ಲಿಟಲ್ ಅನ್ನೋರು 1961ರಲ್ಲಿ ಸಾಧಿಸಿ ತೋರಿಸಿದ್ದು. ಒಳಗೆ ಎಷ್ಟು ಜನ ಇದ್ದಾರೆ ಅನ್ನೋದು, ಎಷ್ಟು ವೇಗದಲ್ಲಿ ಜನ ಬರ್ತಾರೆ ಮತ್ತು ಒಬ್ಬೊಬ್ಬರು ಎಷ್ಟು ಹೊತ್ತು ಉಳೀತಾರೆ ಅನ್ನೋ ಎರಡರ ಗುಣಲಬ್ಧ. ಮೆಸ್‌ಗೆ ನಿಮಿಷಕ್ಕೆ ಹತ್ತು ಜನ ಬಂದು, ಒಬ್ಬೊಬ್ಬರು ಇಪ್ಪತ್ತು ನಿಮಿಷ ಕೂತರೆ ಒಳಗೆ ಯಾವಾಗಲೂ ಇನ್ನೂರು ಜನ. ಜನಸಂಖ್ಯೆಗೂ ಇದೇ. ಹುಟ್ಟು ಅಂದ್ರೆ ಬರೋ ವೇಗ, ಆಯಸ್ಸು ಅಂದ್ರೆ ಉಳಿಯೋ ಹೊತ್ತು. ಹುಟ್ಟಿನ ವೇಗ ಹಾಗೇ ಇದ್ದು ಆಯಸ್ಸು 75ರಿಂದ 150ಕ್ಕೆ ಹೋದ್ರೆ ಜನ ಎರಡರಷ್ಟಾಗ್ತಾರೆ, ಆಮೇಲೆ ನಿಂತುಬಿಡ್ತಾರೆ. ಏರ್ತಾನೇ ಹೋಗೋದಿಲ್ಲ. ಏರ್ತಾನೇ ಹೋಗಬೇಕು ಅಂದ್ರೆ ಬರೋ ವೇಗವೇ ಏರ್ತಾ ಹೋಗಬೇಕು.

ಹಿರಿಯೂರಿನವರಿಗೆ ಇದನ್ನ ಬೇರೆ ಥರ ಹೇಳಿದ್ರೆ ತಕ್ಷಣ ಹೊಳೆಯುತ್ತೆ. ಮಾರಿ ಕಣಿವೆ, ಅಂದ್ರೆ ವಾಣಿವಿಲಾಸ ಸಾಗರ, ಮೈಸೂರು ಸಂಸ್ಥಾನ 1907ರ ಹೊತ್ತಿಗೆ ಕಟ್ಟಿ ಮುಗಿಸಿದ ಅಣೆಕಟ್ಟು. 130 ಅಡಿ ನೀರು ನಿಲ್ಲುತ್ತೆ, 30 ಟಿಎಂಸಿ ಹಿಡಿಯುತ್ತೆ. ತುಂಬಿ ಕೋಡಿ ಬಿದ್ದದ್ದು 1933ರಲ್ಲಿ ಒಮ್ಮೆ. ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಗೇಟ್ ಮುಚ್ಚಿಟ್ಟ ಮಾತ್ರಕ್ಕೆ ಡ್ಯಾಮ್ ತುಂಬೋದಾಗಿದ್ರೆ ಅದು ಯಾವತ್ತೋ ತುಂಬಬೇಕಿತ್ತು. ವೇದಾವತಿಯಲ್ಲಿ ನೀರು ಬಂದರೆ ತಾನೆ ತುಂಬೋದು? ಸಾವು ಅನ್ನೋದು ಹೊರಹೋಗೋ ತೂಬು. ತೂಬು ಮುಚ್ಚೋದ್ರ ಬಗ್ಗೆ ಎಲ್ಲರೂ ಹೆದರ್ತಾರೆ, ಮೇಲಿಂದ ಹೊಳೆ ಎಷ್ಟು ಬರ್ತಿದೆ ಅಂತ ಯಾರೂ ನೋಡಲ್ಲ.

ಹೊಳೆ ಬತ್ತುತ್ತಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಅಪ್ಪ ಅಮ್ಮನ ಜಾಗ ತುಂಬೋಕೆ 2ಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಅಂದ್ರೆ ಪ್ರತಿ ತಲೆಮಾರೂ ಹಿಂದಿನದ್ದಕ್ಕಿಂತ ಚಿಕ್ಕದು. ನಮ್ಮ ತರಗತಿಯಲ್ಲೇ ನೋಡಿ, ಅಜ್ಜಿಗೆ ಏಳೆಂಟು ಮಕ್ಕಳು, ಅಮ್ಮನಿಗೆ ಇಬ್ಬರು ಅನ್ನೋ ಮನೆಗಳೇ ಜಾಸ್ತಿ. ಒಬ್ಬರೇ ಮಗ ಅಥವಾ ಒಬ್ಬಳೇ ಮಗಳು ಅನ್ನೋರೂ ಕಡಿಮೆ ಇಲ್ಲ.

ಈಗ ಅತಿರೇಕಕ್ಕೆ ಹೋಗೋಣ, 150 ಯಾಕೆ, ಸಾವೇ ಬೇಡ. ಇವತ್ತಿಂದ ಚಿತ್ರದುರ್ಗ ಜಿಲ್ಲೆಯಲ್ಲಿ ಯಾರೂ ಸಾಯೋದಿಲ್ಲ, ಯಾರೂ ಊರು ಬಿಟ್ಟೂ ಹೋಗಲ್ಲ ಅಂತ ಇಟ್ಟುಕೊಳ್ಳಿ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನ ಸುಮಾರು 16.6 ಲಕ್ಷ. ಇವರಲ್ಲಿ ಇನ್ನೂ ಮಕ್ಕಳಾಗದ ಹುಡುಗ ಹುಡುಗಿಯರು, ಕೂಸುಗಳೆಲ್ಲ ಸೇರಿ 6 ಲಕ್ಷ ಅಂತ ನಾವೇ ಒಂದು ಅಂದಾಜು ಹಿಡಿದೆವು. ಇಬ್ಬರಿಗೆ 1.7 ಮಕ್ಕಳಾದ್ರೆ ಈ 6 ಲಕ್ಷಕ್ಕೆ 5.1 ಲಕ್ಷ ಮಕ್ಕಳು, ಅವರಿಗೆ 4.3 ಲಕ್ಷ, ಅವರಿಗೆ 3.7 ಲಕ್ಷ. ಪಿಯುಸಿಯಲ್ಲಿ ಮಾಡಿದ ಜಿಪಿ ನೆನಪಿದೆಯಲ್ಲ? ಅನುಪಾತ 0.85, ಒಂದಕ್ಕಿಂತ ಕಡಿಮೆ, ಹಾಗಾಗಿ ಅನಂತದವರೆಗೆ ಕೂಡಿದ್ರೂ ಮೊತ್ತ 34 ಲಕ್ಷದ ಹತ್ತಿರ ನಿಲ್ಲುತ್ತೆ. ಈಗಿರೋರನ್ನ ಸೇರಿಸಿದ್ರೆ 50 ಲಕ್ಷ. ಸಾವೇ ಇಲ್ಲದ ಜಿಲ್ಲೆ, ಆದ್ರೂ 51 ಲಕ್ಷದ ಗೆರೆ ದಾಟಲ್ಲ.

ಅದೂ ಎಷ್ಟು ನಿಧಾನ! ತಲೆಮಾರಿಗೆ 30 ವರ್ಷ ಅಂತ ಹಿಡಿದ್ರೆ 120 ವರ್ಷ ಕಳೆದ ಮೇಲೆ ಜಿಲ್ಲೆಯ ಜನ 33 ಲಕ್ಷ, ಈಗಿನ ಎರಡರಷ್ಟು. ಇದರ ಪಕ್ಕದಲ್ಲಿ ನಿಜವಾಗಿ ನಡೆದದ್ದನ್ನ ಇಡಿ. ಭಾರತದ ಜನಸಂಖ್ಯೆ 1951ರಲ್ಲಿ 36 ಕೋಟಿ, 2011ರಲ್ಲಿ 121 ಕೋಟಿ. ಅರವತ್ತೇ ವರ್ಷದಲ್ಲಿ ಮೂರು ಪಟ್ಟಿಗೂ ಮೇಲೆ. ಅಂದ್ರೆ ಎಲ್ಲರೂ ಸಾಯುತ್ತಿದ್ದ ಭಾರತ ಬೆಳೆದಷ್ಟು ವೇಗವಾಗಿ, ಯಾರೂ ಸಾಯದ ದುರ್ಗ ಬೆಳೆಯೋಕೆ ಸಾಧ್ಯವೇ ಇಲ್ಲ. ಈ ಸಾಲನ್ನ ಬರೆದ ಮೇಲೆ ನಾವೇ ಎರಡು ಸಲ ಕ್ಯಾಲ್ಕುಲೇಟರ್ ಒತ್ತಿ ನೋಡಿದೆವು.

ಯಾಕೆ ಹೀಗೆ? ಆಯಸ್ಸು ಅನ್ನೋ ಒಂದೇ ಪದದ ಒಳಗೆ ಎರಡು ಬೇರೆ ವಿಷಯ ಅಡಗಿವೆ. ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರ ನಿರೀಕ್ಷಿತ ಆಯಸ್ಸು ಸುಮಾರು 32, ಈಗ 70ರ ಹತ್ತಿರ. ಆಗ ಎಲ್ಲರೂ 32ಕ್ಕೆ ಸಾಯ್ತಿದ್ರು ಅಂತಲ್ಲ. ತೊಟ್ಟಿಲಲ್ಲೇ ಎಷ್ಟೋ ಮಕ್ಕಳು ಹೋಗ್ತಿದ್ವು, ಅದಕ್ಕೇ ಸರಾಸರಿ ಕೆಳಗಿತ್ತು. ಲಸಿಕೆ, ಓಆರ್‌ಎಸ್, ಹೆರಿಗೆ ಆಸ್ಪತ್ರೆ ಬಂದು ಆ ಮಕ್ಕಳು ಉಳಿದವು. ಉಳಿದ ಮಗು ಮುಂದೆ ತಾಯಿಯಾಗುತ್ತೆ, ತಂದೆಯಾಗುತ್ತೆ. ಒಂದು ಜೀವ ಉಳಿಸಿದ್ರೆ ಒಂದು ವಂಶವೇ ಉಳಿದ ಹಾಗೆ. ಆದ್ರೆ 70ರ ಅಜ್ಜಿಗೆ ಇನ್ನೈವತ್ತು ವರ್ಷ ಸಿಕ್ಕರೆ ಲೆಕ್ಕಕ್ಕೆ ಸೇರೋದು ಒಬ್ಬ ಅಜ್ಜಿ ಮಾತ್ರ. ಮೊದಲನೆಯದ್ದು ಬೇರಿಗೆ ನೀರು ಹಾಕಿದಂತೆ, ಎರಡನೆಯದ್ದು ತುದಿಗೆ.

"ವಿಜ್ಞಾನ ಅಷ್ಟು ಮುಂದುವರಿದ್ರೆ 80ರಲ್ಲೂ ಮಕ್ಕಳಾಗಬಹುದಲ್ಲ?" ಅಂತ ಒಬ್ಬ ಗೆಳತಿ ಕೇಳಿದ್ಲು. ಒಳ್ಳೇ ಪ್ರಶ್ನೆ. ಇಬ್ಬರಿಗೆ ಮೂರು ಮಕ್ಕಳು ಅಂತಾದ್ರೆ ಅನುಪಾತ 1.5, ನಮ್ಮ ಸರಣಿ ಹದ್ದು ಮೀರಿ ಹಾರಿಹೋಗುತ್ತೆ. ಆದ್ರೆ ಈಗ ಜನ ಎರಡಕ್ಕೇ ನಿಲ್ಲಿಸ್ತಿರೋದು ದೇಹಕ್ಕೆ ಟೈಮ್ ಸಾಲದೆ ಅಲ್ಲ. ಎಲ್‌ಕೆಜಿ ಫೀಸು, ಮನೆ ಬಾಡಿಗೆ, ಅಮ್ಮನ ಕೆಲಸ, ಇವೆಲ್ಲ 80ರಲ್ಲೂ ಇರುತ್ತವೆ. ಅಂದಹಾಗೆ ಸರ್ಕಾರವೇ ಸಂತಾನ ನಿಯಂತ್ರಣದ ಕ್ಲಿನಿಕ್‌ಗಳನ್ನ ತೆರೆಯೋ ಆದೇಶವನ್ನ ಜಗತ್ತಿನಲ್ಲೇ ಮೊದಲು ಹೊರಡಿಸಿದ್ದು 1930ರ ಮೈಸೂರು. ನಮ್ಮ ಮುತ್ತಜ್ಜಿಯಂದಿರ ಕಾಲಕ್ಕೇ ಈ ಮಾತು ಇಲ್ಲಿ ಶುರುವಾಗಿತ್ತು, ಹೊಸದೇನಲ್ಲ.

ಸರಿ, 50 ಲಕ್ಷವೇ ಆಗಲಿ. ನಮ್ಮ ಬಯಲುಸೀಮೆಯಲ್ಲಿ ಅಷ್ಟು ಜನಕ್ಕೆ ನೀರೆಲ್ಲಿ? ಇದು ನ್ಯಾಯವಾದ ಭಯ, ಯಾಕಂದ್ರೆ ನಾವು ಟ್ಯಾಂಕರ್ ನೋಡಿ ಬೆಳೆದೋರು. ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಇಟ್ಟಿದೆ. ಇದನ್ನೇ ಹಿಡಿದು ಈಗಿನ 16.6 ಲಕ್ಷ ಜನಕ್ಕೆ ವರ್ಷದ ಲೆಕ್ಕ ಹಾಕಿದ್ರೆ ಸುಮಾರು 1.2 ಟಿಎಂಸಿ. ಸಾವಿಲ್ಲದ 50 ಲಕ್ಷ ಜನಕ್ಕೂ ಮೂರೂವರೆ ಟಿಎಂಸಿ. ಮಾರಿ ಕಣಿವೆ ಹಿಡಿಯೋದು 30. ಕುಡಿಯೋ, ತೊಳೆಯೋ ನೀರಲ್ಲಿ ನಾವು ಸೋಲ್ತಿಲ್ಲ. ಊಟ ಬೆಳೆಯೋಕೂ ನೀರು ಬೇಕು, ಅದು ಈ ಲೆಕ್ಕದಲ್ಲಿ ಇಲ್ಲ, ಒಪ್ಪಿಕೊಳ್ತೀವಿ. ಆದ್ರೆ ಹೊಳಲ್ಕೆರೆ ಕಡೆ ರಾಗಿ, ಜೋಳದ ಹೊಲಗಳೆಲ್ಲ ಅಡಿಕೆ ತೋಟ ಆಗ್ತಿರೋದನ್ನ ಕಣ್ಣಾರೆ ನೋಡ್ತಿದ್ದೀವಲ್ಲ. ಅಡಿಕೆ ಯಾರ ಹೊಟ್ಟೆನೂ ತುಂಬಿಸಲ್ಲ. ಆರುನೂರು ಅಡಿಗೆ ಸಿಕ್ಕದ ನೀರಿಗೆ ಸಾವಿರ ಅಡಿ ಬೋರ್ ಕೊರೆಸೋದು ಜನ ಜಾಸ್ತಿ ಆಗಿದ್ದಕ್ಕಲ್ಲ, ಕ್ವಿಂಟಾಲ್ ಅಡಿಕೆ ರೇಟಿಗೆ. ಇದನ್ನ ನಮ್ಮ ಮನೆಗಳಲ್ಲಿ ಹೇಳಿದ್ರೆ ಊಟ ಹಾಕಲ್ಲ, ಅದಕ್ಕೇ ಇಲ್ಲಿ ಹೇಳ್ತಿದ್ದೀವಿ.

ಇಲ್ಲಿ ಉದ್ದದ ಆಯಸ್ಸಿನ ಪರವಾಗಿ ಒಂದು ಮಾತೂ ಹೇಳಲೇಬೇಕು. 1933ರಲ್ಲಿ ಡ್ಯಾಮ್ ಕೋಡಿ ಬಿದ್ದದ್ದನ್ನ ತಿಳಿವಳಿಕೆ ಬಂದ ಮೇಲೆ ನೋಡಿ, 2022ರಲ್ಲೂ ನೋಡಿದವರು ಇದ್ರೆ ಬೆರಳೆಣಿಕೆಯಷ್ಟು ಇರಬಹುದು. ಮಳೆ ಒಮ್ಮೆ ಮುನಿಸಿಕೊಂಡ್ರೆ ಎಷ್ಟು ದಶಕ ಅನ್ನೋದನ್ನ ಅನುಭವದಿಂದ ಬಲ್ಲವರೇ ನಮ್ಮಲ್ಲಿ ಉಳಿದಿಲ್ಲ. 150 ವರ್ಷ ಬದುಕೋ ರೈತನಿಗೆ ಬೋರ್ ಕೊರೆಸುವಾಗ "ಮುಂದಿನವರು ನೋಡ್ಕೊಳ್ಳಲಿ" ಅನ್ನೋಕಾಗಲ್ಲ, ಮುಂದಿನವನೂ ಅವನೇ.

ಹಾಗಾದ್ರೆ ಎಲ್ಲಾ ಸುಖವೇ? ಇಲ್ಲ. ಈಗ ನಮ್ಮ ನಿಜವಾದ ಭಯಕ್ಕೆ ಬರ್ತೀವಿ.

ಹೊಸದುರ್ಗದ ಕಡೆ ಐದು ಎಕರೆ ತೆಂಗಿನ ತೋಟ ಇರೋ ಒಂದು ಮನೆ ಅಂದುಕೊಳ್ಳಿ. ಆಯಸ್ಸು 150. ತಲೆಮಾರಿಗೆ 25 ವರ್ಷ. ಹಾಗಾದ್ರೆ ಒಂದೇ ಕಾಲಕ್ಕೆ ಆ ಮನೆಯಲ್ಲಿ 150, 125, 100, 75, 50, 25ರ ವಯಸ್ಸಿನೋರು, ತೊಟ್ಟಿಲಲ್ಲಿ ಇನ್ನೊಂದು ಕೂಸು. ಪಹಣಿ ಯಾರ ಹೆಸರಲ್ಲಿ? 150ರ ಯಜಮಾನರ ಹೆಸರಲ್ಲಿ. 75ರ "ಹುಡುಗ" ಸೊಸೈಟಿಯಲ್ಲಿ ಬೆಳೆ ಸಾಲ ಕೇಳೋಕೂ ಮೂರು ತಲೆಮಾರಿನ ಸಹಿ ತರಬೇಕು.

ಇದು ತಮಾಷೆ ಅನಿಸಿದ್ರೆ ಈಗಿನ ಸ್ಥಿತಿ ನೋಡಿ. ಯಜಮಾನರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಜಮೀನು ಬರೋದಕ್ಕೆ ಪೌತಿ ಖಾತೆ ಅಂತೀವಿ. ಅದಕ್ಕೆ ಮರಣ ಪತ್ರ ಬೇಕು, ನಾಡಕಚೇರಿಯ ವಂಶವೃಕ್ಷ ಬೇಕು, ಅಣ್ಣತಮ್ಮ ಅಕ್ಕತಂಗಿಯರ ಒಪ್ಪಿಗೆ ಬೇಕು. ರಾಜ್ಯದಲ್ಲಿ ಲಕ್ಷಗಟ್ಟಲೆ ಪಹಣಿಗಳು ಇನ್ನೂ ಸತ್ತವರ ಹೆಸರಲ್ಲೇ ಇವೆ, ಅದಕ್ಕಾಗಿ ಸರ್ಕಾರ ಪೌತಿ ಖಾತೆ ಆಂದೋಲನ ಅಂತಲೇ ಮಾಡಬೇಕಾಯ್ತು. ಸಾಯೋ ಯಜಮಾನರ ಹೆಸರು ಬದಲಾಯಿಸೋಕೇ ನಮಗೆ ಮೂವತ್ತು ನಲವತ್ತು ವರ್ಷ ಆಗ್ತಿದೆ. ಸಾಯದ ಯಜಮಾನರ ಹೆಸರು? ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲಿದೆ, 2005ರ ತಿದ್ದುಪಡಿಯಿಂದ ದೇಶದ ಎಲ್ಲಾ ಕಡೆ ಹೆಣ್ಣುಮಕ್ಕಳಿಗೂ ಇದೆ ಅಂತ ಕಾನೂನು ಹೇಳುತ್ತೆ. ಆದ್ರೆ ಬದುಕಿರೋ ಅಪ್ಪನ ಮುಂದೆ ನಿಂತು ಪಾಲು ಕೇಳೋ ಮಗನನ್ನ ನಮ್ಮ ಊರಲ್ಲಿ ಏನಂತಾರೆ ಅಂತ ನಿಮಗೂ ಗೊತ್ತು. ಮಗಳು ಕೇಳಿದ್ರಂತೂ ತವರಿನ ಬಾಗಿಲೇ ಮುಚ್ಚುತ್ತೆ. ಇಲ್ಲಿವರೆಗೆ ನಮ್ಮಲ್ಲಿ ಎಷ್ಟೋ ಜಗಳಗಳನ್ನ ಬಿಡಿಸಿದ್ದು ಕೋರ್ಟಲ್ಲ, ಸಾವು. ಹೇಳೋಕೆ ಕಷ್ಟ, ಆದ್ರೆ ನಿಜ.

ನೌಕರಿಯಲ್ಲೂ ಇದೇ ಲಿಟಲ್ಸ್ ಲಾ, ಈ ಸಲ ತಲೆಕೆಳಗಾಗಿ. ಒಂದು ಇಲಾಖೆಯಲ್ಲಿ 100 ಎಂಜಿನಿಯರ್ ಹುದ್ದೆ. 25ಕ್ಕೆ ಸೇರಿ 60ಕ್ಕೆ ನಿವೃತ್ತರಾದ್ರೆ ವರ್ಷಕ್ಕೆ ಹೆಚ್ಚುಕಡಿಮೆ ಮೂರು ಹುದ್ದೆ ಖಾಲಿಯಾಗುತ್ತೆ. ನಿವೃತ್ತಿ 120ಕ್ಕೆ ಅಂತಾದ್ರೆ ವರ್ಷಕ್ಕೆ ಒಂದು. ಜನಸಂಖ್ಯೆ ಒಬ್ಬರೂ ಹೆಚ್ಚಾಗದೇ ಇದ್ರೂ ನಮ್ಮಂಥ ಹೊಸಬರಿಗೆ ಬಾಗಿಲು ಮೂರು ಪಟ್ಟು ಕಿರಿದಾಯ್ತು. ಇಲ್ಲ, 60ಕ್ಕೇ ನಿವೃತ್ತಿ ಅಂತ ಇಟ್ಟರೆ 90 ವರ್ಷ ಪಿಂಚಣಿ ಕೊಡೋರು ಯಾರು? ಈಗಲೇ ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದ ಬಡವರಿಗೆ ತಿಂಗಳಿಗೆ ಸಿಗೋದು 1,200 ರೂಪಾಯಿ. ಆ ದುಡ್ಡಲ್ಲಿ ಆಯಸ್ಸು ಹೆಚ್ಚಿಸೋ ಮಾತ್ರೆ ಬರಲ್ಲ, ಬಿಪಿ ಮಾತ್ರೆ ಬಂದ್ರೆ ಹೆಚ್ಚು. ಹಾಗಾಗಿ ಮೊದಲು 150 ಮುಟ್ಟೋರು ಯಾರು, 70ಕ್ಕೇ ಹೋಗೋರು ಯಾರು ಅನ್ನೋದಕ್ಕೆ ಸಮೀಕ್ಷೆ ಬೇಕಿಲ್ಲ. ಜಮೀನು, ಕುರ್ಚಿ, ಕಂಪನಿ ಇರೋರೇ ಉಳೀತಾರೆ, ಅವುಗಳ ಜೊತೆಗೇ ಉಳೀತಾರೆ.

ಯಯಾತಿಯ ಕಥೆ ನಮ್ಮ ಕ್ಲಬ್‌ನವರಿಗೆ ಹೊಸದಲ್ಲ. ಶಾಪದಿಂದ ಅಕಾಲ ಮುಪ್ಪು ಬಂದಾಗ ಮಗ ಪೂರುವಿನ ಯೌವನವನ್ನ ಕೇಳಿ ಪಡೆದ ರಾಜ. ಗಿರೀಶ ಕಾರ್ನಾಡರು ಅದನ್ನ ನಾಟಕ ಮಾಡಿದ್ದು ಇಪ್ಪತ್ತರ ಹರೆಯದಲ್ಲಿ, ಪ್ರಕಟವಾದದ್ದು 1961ರಲ್ಲಿ. ಲಿಟಲ್ಸ್ ಲಾ ಬಂದದ್ದೂ ಅದೇ ವರ್ಷ ಅನ್ನೋದು ಬರೀ ಕಾಕತಾಳೀಯ, ಆದ್ರೂ ನಮಗೆ ಖುಷಿಯಾಯ್ತು. ಯಯಾತಿಯಿಂದ ರಾಜ್ಯದಲ್ಲಿ ಜನ ಹೆಚ್ಚಾಗಲಿಲ್ಲ. ಒಬ್ಬ ಹುಡುಗನ ಸರದಿ ಹೋಯ್ತು, ಅಷ್ಟೇ. ಮಹಾಭಾರತದ ಯಯಾತಿಯಾದ್ರೂ ಕೊನೆಗೆ ಯೌವನವನ್ನೂ ರಾಜ್ಯವನ್ನೂ ಮಗನಿಗೆ ವಾಪಸ್ ಕೊಟ್ಟ.

ಉದ್ದ ಬದುಕಿದವರೆಲ್ಲ ದಾರಿಗೆ ಅಡ್ಡ ನಿಲ್ತಾರೆ ಅಂತ ನಾವು ಹೇಳ್ತಿಲ್ಲ. ನಮ್ಮ ದುರ್ಗದಲ್ಲೇ ಎಸ್. ನಿಜಲಿಂಗಪ್ಪನವರು ಇದ್ದರು. 1902ರಲ್ಲಿ ಹುಟ್ಟಿ 2000ದ ಆಗಸ್ಟ್‌ನಲ್ಲಿ, 97ರಲ್ಲಿ ತೀರಿಕೊಂಡರು. ಅವರು ಮುಖ್ಯಮಂತ್ರಿ ಹುದ್ದೆ ಬಿಟ್ಟದ್ದು 1968ರಲ್ಲಿ, ಆಮೇಲೆ ಬದುಕಿದ್ದು 32 ವರ್ಷ. ನಾವು ಸೆಪ್ಟೆಂಬರ್ 15ಕ್ಕೆ ಹಾರ ಹಾಕೋ ಸರ್ ಎಂ.ವಿ. ದಿವಾನಗಿರಿ ಬಿಟ್ಟದ್ದು 1918ರಲ್ಲಿ, ನೂರು ದಾಟಿ ತೀರಿಕೊಂಡದ್ದು 1962ರಲ್ಲಿ. ನಡುವಿನ 44 ವರ್ಷ ಸುಮ್ಮನೆ ಕೂರಲಿಲ್ಲ, ಆದ್ರೆ ದಿವಾನರ ಕುರ್ಚಿಯಲ್ಲೂ ಕೂರಲಿಲ್ಲ. ಬದುಕು ಉದ್ದ, ಕುರ್ಚಿ ಗಿಡ್ಡ. ನಮಗೆ ಬೇಕಾದ ಡಿಸೈನ್ ಇದೇ.

ಆರೈಕೆಯ ಮಾತು ಇನ್ನೂ ಉಳಿದಿದೆ, ಅದನ್ನ ನಮ್ಮ ಗುಂಪಿನ ಹುಡುಗಿಯರೇ ಎತ್ತಿದ್ದು. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರನ್ನ ಇವತ್ತು ನೋಡ್ಕೊಳ್ತಿರೋದು ಯಾರು? ಎಂಜಿನಿಯರಿಂಗ್ ಓದೋ ಮಗನಂತೂ ಅಲ್ಲ. ಸೊಸೆ, ಅವಳಿಗೂ 55 ದಾಟಿ ಮಂಡಿನೋವು. ಹುಡುಗರು ಬೆಂಗಳೂರಿಗೆ ಹೋದ ಊರುಗಳಲ್ಲಿ ಒಬ್ಬ ಮುದುಕಿ ಇನ್ನೊಬ್ಬ ಮುದುಕಿಗೆ ಗಂಜಿ ಕುಡಿಸೋದು ಈಗಾಗಲೇ ಸಾಮಾನ್ಯ. ವಿಜ್ಞಾನ ಕೊಡೋ ಹೆಚ್ಚಿನ 50 ವರ್ಷ ಓಡಾಡೋ ವರ್ಷಗಳಾದ್ರೆ ಸರಿ, ಹಾಸಿಗೆಯ ವರ್ಷಗಳಾದ್ರೆ ಆ ಬಿಲ್ ಕಟ್ಟೋದು ಹೆಂಗಸರೇ. ಇದನ್ನ ಯಾವ ಜನಸಂಖ್ಯೆ ಗ್ರಾಫೂ ತೋರಿಸಲ್ಲ.

ಜನಸಂಖ್ಯೆ ಹೆಚ್ಚುತ್ತೆ ಅಂತ ಆಯಸ್ಸಿನ ಸಂಶೋಧನೆಯನ್ನ ವಿರೋಧಿಸೋರ ಜೊತೆ ನಾವಿಲ್ಲ. ಅಜ್ಜಿ ಇನ್ನೂ ಐವತ್ತು ವರ್ಷ ಇರಲಿ ಅಂತ ಯಾರಿಗೆ ಆಸೆ ಇಲ್ಲ? ಆದ್ರೆ ಸಾವು ಇಲ್ಲಿವರೆಗೆ ಪುಕ್ಕಟೆ ಮಾಡಿಕೊಡ್ತಿದ್ದ ಕೆಲಸವನ್ನ ಇನ್ನು ಮೇಲೆ ಕಾನೂನು ಮಾಡಬೇಕು. ಹುದ್ದೆಗೆ ವಯಸ್ಸಿನ ಮಿತಿ ಅಲ್ಲ, ಅವಧಿಯ ಮಿತಿ ಬೇಕು. 60ಕ್ಕೆ ಒಂದು ಕೆಲಸ ಬಿಟ್ಟವರು ಫಸ್ಟ್ ಸೆಮ್‌ಗೆ ಬಂದು ನಮ್ಮ ಪಕ್ಕ ಕೂರೋ ಹಾಗಿರಬೇಕು, ಇಂಟರ್ನಲ್ಸ್‌ಗೆ ನೋಟ್ಸ್ ನಾವು ಕೊಡ್ತೀವಿ. ಜಮೀನಿನ ಖಾತೆ ಯಜಮಾನರಿಗೆ ಇಂತಿಷ್ಟು ವಯಸ್ಸಾದಾಗ, ಅವರು ಚೆನ್ನಾಗಿ ಓಡಾಡ್ಕೊಂಡು ಇರುವಾಗಲೇ, ಅವರ ಊಟ ಔಷಧಿಗೆ ಪಾಲಿಟ್ಟು ಮಕ್ಕಳಿಗೆ ಬರಬೇಕು, ಹೆಣ್ಣುಮಕ್ಕಳಿಗೂ ಸೇರಿ. ಅದಕ್ಕೆ ಪೌತಿ ಖಾತೆ ಅನ್ನೋ ಹೆಸರು ಹೊಂದಲ್ಲ, ಬೇರೆ ಹೆಸರು ಹುಡುಕಬೇಕು. ಭಾಷೆ ಗೊತ್ತಿರೋ ಕನ್ನಡ ಸಂಘದವರು ಸೂಚಿಸಿ, ಇಂಗ್ಲಿಷ್ ಮೀಡಿಯಂನ ನಮಗೆ ಹೊಳೀತಿಲ್ಲ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಭೂಮಿ ವೆಬ್‌ಸೈಟಿಗೆ ಹೋಗಿ ನಿಮ್ಮ ಮನೆಯ ಜಮೀನಿನ ಸರ್ವೆ ನಂಬರ್ ಹಾಕಿ, ಪಹಣಿಯಲ್ಲಿ ಯಾರ ಹೆಸರಿದೆ ನೋಡಿ. ನಾವು ನಾಲ್ಕು ತಾಲೂಕಿನವರೂ ನೋಡಿದೆವು. ಇಬ್ಬರ ಮನೆಯಲ್ಲಿ ಅದು ಫೋಟೋಗೆ ಹಾರ ಬಿದ್ದವರ ಹೆಸರು, ಒಬ್ಬರ ಮನೆಯಲ್ಲಿ ಆ ಹೆಸರಿನವರು ಯಾರು ಅಂತ ಅಪ್ಪನಿಗೂ ಗೊತ್ತಿರಲಿಲ್ಲ, ದೊಡ್ಡಪ್ಪನಿಗೆ ಫೋನ್ ಮಾಡಿ ಕೇಳಬೇಕಾಯ್ತು.